ನಾನೂರ ಅರವತ್ತೊಂದು ಬರಹಗಳ ಸಾಗಾಟ

ಮೂವತ್ತೆಂಟನೆಯ ಬರಹವನ್ನು ಹಳೆಯ ಬ್ಲಾಗಿನಿಂದ ನಕಲು ಮಾಡಿ, ಹೊಸ ವೆಬ್‌ಸೈಟಿನಲ್ಲಿ ಅಂಟಿಸಿ, ಕೆಳಗಿನ 'ಬರೆದವರು' ಎಂಬ ಚೌಕದಲ್ಲಿ ಯಜಮಾನರ ಹೆಸರು ತುಂಬುವ ಹೊತ್ತಿಗೆ ದೂರಿನಕ್ಕನ ಮಣಿಕಟ್ಟು ಹಿಡಿದುಕೊಂಡಿತ್ತು. ಇನ್ನೂ ನಾನೂರ ಇಪ್ಪತ್ತಮೂರು ಬಾಕಿ. ಹಳೆಯ ಬ್ಲಾಗು ಸಂಜೆಗೆ ಮುಚ್ಚಿಹೋಗುತ್ತದೆ.

ಹೊಲಿಗೆ ಯಂತ್ರ ಮಾರುವ, ರಿಪೇರಿ ಮಾಡುವ ಅಂಗಡಿ ಅದು. ಗಿರಾಕಿಗಳ ದೂರು ಕೇಳುವ ಮೇಜಿನ ಹಿಂದೆ ಕೂರುವುದರಿಂದ ಅವಳು ಎಲ್ಲರಿಗೂ ದೂರಿನಕ್ಕ. ದೂರಿಲ್ಲದ ಹೊತ್ತಿನಲ್ಲಿ, ವಾರಕ್ಕೊಂದರಂತೆ ಒಂಬತ್ತು ವರ್ಷ ಅಂಗಡಿಯ ಬ್ಲಾಗಿಗೆ ಬರೆದವಳೂ ಅವಳೇ. ಹೆಸರು ಮಾತ್ರ ಯಜಮಾನರದು. ಒಮ್ಮೆ ವ್ಯಾಪಾರಿಗಳ ಸಭೆಯಲ್ಲಿ ಯಾರೋ, "ಹೆಂಗಸರ ಮನಸ್ಸು ನಿಮಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಸಾರ್?" ಎಂದು ಕೇಳಿದಾಗ ಅವರು ನಾಚಿಕೊಂಡು, "ಏನೋ, ಅನುಭವ" ಎಂದಿದ್ದರು. ಅವರ ಫೈಲು, ಕೋಟು, ಕೊಡೆ ಹಿಡಿದು ಹಿಂದೆ ನಿಂತಿದ್ದ ದೂರಿನಕ್ಕ ಅಂದು ತುಟಿ ಕಚ್ಚಿಕೊಂಡಿದ್ದಳು.

ಕೈ ನೋವು ತಡೆಯದೆ ವೆಬ್‌ಸೈಟ್ ಮಾಡಿಕೊಟ್ಟವನಿಗೆ ಫೋನು ಮಾಡಿದಳು.

"ಒಂದೊಂದೇ ಹೊರ್ತಿದೀರಾ? ಮನೆ ಖಾಲಿ ಮಾಡೋವಾಗ ಯಾರಾದ್ರೂ ಒಂದೊಂದೇ ಚಮಚ ಸಾಗಿಸ್ತಾರಾ ಮೇಡಂ? ಮಾಡಿದ್ದೆಲ್ಲ ಅಳಿಸಿ. ಹಳೇದ್ರಿಂದ ಇಡೀ ಗಂಟು ಇಳಿಸ್ಕೊಳ್ಳಿ, ಹೊಸದ್ರಲ್ಲಿ 'ಆಮದು' ಒತ್ತಿ. ಮುಗೀತು."

ಒತ್ತಿದಳು. ಪರದೆ ಒಂದು ಪ್ರಶ್ನೆ ಕೇಳಿತು: ಬರೆದವರು ಯಾರು? ಹಳೆಯ ಹೆಸರೇ ಇರಲಿ, ಅಥವಾ ಈಗ ಸಾಗಿಸುತ್ತಿರುವವರ ಹೆಸರು ಹಾಕಿ.

ಒಂಬತ್ತು ವರ್ಷದಲ್ಲಿ ಒಬ್ಬ ಮನುಷ್ಯನೂ ಕೇಳದ ಪ್ರಶ್ನೆಯನ್ನು ಯಂತ್ರ ಕೇಳಿಬಿಟ್ಟಿತ್ತು. ಕದ್ದು ಮಾವಿನಮರ ಹತ್ತಿದ ಹುಡುಗಿಯ ಎದೆಯಂತೆ ದೂರಿನಕ್ಕನ ಎದೆ ಹೊಡೆದುಕೊಂಡಿತು. 'ಆಗಿದ್ದಾಗಲಿ' ಎಂದು ಎರಡನೆಯದನ್ನು ಒತ್ತಿದಳು. ಆ ಭರದಲ್ಲಿ ಕೆಳಗಿದ್ದ 'ಹಳೆಯ ದಿನಾಂಕ ಉಳಿಸಿ', 'ಓದುಗರಿಗೆ ಮೇಲ್ ಕಳಿಸಬೇಡಿ' ಎಂಬ ಎರಡು ಪುಟ್ಟ ಚೌಕಗಳು ಕಣ್ಣಿಗೇ ಬೀಳಲಿಲ್ಲ.

ಅರ್ಧ ಗಂಟೆಯಲ್ಲಿ ಅಂಗಡಿಯ ಮೆಕ್ಯಾನಿಕ್‌ನ ಹೆಂಡತಿಯ ಫೋನು ಬಂತು.

"ನಮ್ಮನೆಯವರಿಗೆ ಹೆಣ್ಣು ಮಗು ಹುಟ್ಟಿದೆ ಅಂತ ಹಾಕಿದ್ದು ಯಾರ್ರೀ? ಆಗಲೇ ಹನ್ನೆರಡು ಜನ ಶುಭಾಶಯ ಹೇಳಿದ್ರು. ನನಗಂತೂ ಹುಟ್ಟಿಲ್ಲ. ಯಾರಿಗೆ ಹುಟ್ಟಿದೆ ಅಂತ ಅವರನ್ನೇ ಕೇಳ್ತೀನಿ, ಫೋನ್ ಕೊಡಿ!"

ಆ ಮಗು ಈಗ ಎರಡನೆಯ ತರಗತಿ. ಮೆಕ್ಯಾನಿಕ್ ಫೋನನ್ನು ಕಿವಿಯಿಂದ ಒಂದು ಮಾರು ದೂರ ಹಿಡಿದು, "ನಮ್ಮದೇ ಕಣೇ, ನಮ್ಮ ಹಳೇದೇ!" ಎಂದು ಗೋಗರೆದ.

ದೂರಿನಕ್ಕ ತಲೆಬರಹಗಳ ಪಟ್ಟಿ ತೆರೆದಳು. ನಾನೂರ ಅರವತ್ತೊಂದಕ್ಕೂ ಒಂದೇ ದಿನಾಂಕ: ಇಂದು. ಅಂಗಡಿಯಲ್ಲಿ ಒಮ್ಮೆ ಯಂತ್ರ ಕೊಂಡವರೆಲ್ಲರಿಗೂ ನಾನೂರ ಅರವತ್ತೊಂದು ಮೇಲ್ ಹೋಗಿದ್ದವು.

ಅಷ್ಟರಲ್ಲಿ ಒಬ್ಬ ದರ್ಜಿ ಒಳಗೆ ಬಂದು ಕ್ಯಾಷಿಯರ್‌ನ ಕೈಗೆ ಒಂದು ಫ್ಲಾಸ್ಕ್ ಕೊಟ್ಟು ಕಣ್ಣೀರು ತುಂಬಿಕೊಂಡ. "ಇವತ್ತೇ ನಿವೃತ್ತಿ ಅಂತೆ. ಹೇಳೋದಲ್ವಾ ಸ್ವಾಮಿ?" ಕ್ಯಾಷಿಯರ್ ನಾಲ್ಕು ವರ್ಷದ ಹಿಂದೆ ನಿವೃತ್ತನಾಗಿ, ಮನೆಯಲ್ಲಿ ಕೂರಲಾಗದೆ ಮೂರನೆಯ ತಿಂಗಳೇ ಮರಳಿ ಬಂದಿದ್ದ. ಫ್ಲಾಸ್ಕ್ ಚೆನ್ನಾಗಿತ್ತು. ಅವನು ಅದನ್ನು ಗಲ್ಲಾದ ಪಕ್ಕ ಇಟ್ಟುಕೊಂಡ.

ಆಮೇಲೆ ಬಂತು ಸಾಲು. 'ಇಂದು ಒಂದು ದಿನ ಮಾತ್ರ, ನಿಮ್ಮ ಯಂತ್ರಕ್ಕೆ ಉಚಿತವಾಗಿ ಎಣ್ಣೆ' ಎಂದು ಆರು ವರ್ಷದ ಹಿಂದೆ ಬರೆದದ್ದನ್ನು ನಂಬಿ ಹೆಂಗಸರು ಯಂತ್ರಗಳನ್ನು ಸೊಂಟದ ಮೇಲೆ, ಸ್ಕೂಟರಿನ ಮೇಲೆ, ಮಗುವಿನ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಬಂದರು. ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು.

"ಯಜಮಾನ್ರು ಬಂದ್ರೆ ನಿಮ್ಮ ಕತೆ ಮುಗೀತು," ಕ್ಯಾಷಿಯರ್ ಪಿಸುಗುಟ್ಟಿದ. "ಕಂಪ್ಯೂಟರ್ ಕೆಟ್ಟಿತ್ತು ಅಂದ್ಬಿಡಿ. ನಾನೂ ಹೂಂ ಅಂತೀನಿ."

"ಕೆಟ್ಟಿಲ್ಲ. ಮಾಡಿದ್ದು ನಾನು. ಬರಲಿ, ನಾನೇ ಹೇಳ್ತೀನಿ."

ಸಾಲಿನ ಮುಂದಿದ್ದ ವಯಸ್ಸಾದ ಗಿರಾಕಿಯೊಬ್ಬಳು ಪಕ್ಕದವಳಿಗೆ ಫೋನಿನಿಂದ ಓದಿ ಹೇಳುತ್ತಿದ್ದಳು: "'ತಪ್ಪಾದ ಹೊಲಿಗೆ ಬಿಚ್ಚುವಾಗ ಬಟ್ಟೆಯನ್ನು ಬೈಯಬೇಡಿ. ಅದು ನೀವು ಹೊಲಿದಂತೆ ಹೊಲಿಸಿಕೊಂಡಿದೆ, ಅಷ್ಟೇ.' ಇದನ್ನ ಓದಿ ನಾನು ಬೆಳಿಗ್ಗೆ ಅತ್ತುಬಿಟ್ಟೆ ಕಣಮ್ಮ. ಬರೆದವರನ್ನ ಒಂದು ಸಲ ಕಣ್ಣಾರೆ ನೋಡ್ಬೇಕು."

ದೂರಿನಕ್ಕ ಆ ವಾಕ್ಯ ಬರೆದ ಮಧ್ಯಾಹ್ನವನ್ನು ನೆನೆದಳು. ಗಂಡನೊಂದಿಗೆ ಮಾತು ಬಿಟ್ಟು ಎಂಟು ದಿನವಾಗಿತ್ತು. ಅವಳು ಎದ್ದು ನಿಂತಳು. ಅದೇ ಹೊತ್ತಿಗೆ ಯಜಮಾನರು ಸೊಸೆಯೊಂದಿಗೆ ಒಳನುಗ್ಗಿದರು.

"ಯಾರು ಮಾಡಿದ್ದು ಈ ಅವಾಂತರ?"

"ನಾನು ಸಾರ್. ತಪ್ಪು ನನ್ನದು. ಬರಹಗಳೂ ನನ್ನವೇ. ಒಂಬತ್ತು ವರ್ಷದವೂ. ಅದಕ್ಕೇ ನನ್ನ ಹೆಸರು ಹಾಕಿದೀನಿ."

ಮೆಕ್ಯಾನಿಕ್ ಎಣ್ಣೆಡಬ್ಬಿ ಕೆಳಗಿಟ್ಟು ಕತ್ತು ಚಾಚಿದ.

"ತಪ್ಪು ನಿಮ್ಮದು, ಒಪ್ಪಿದೆ," ಎಂದರು ಯಜಮಾನರು. "ಬರಹ ಹೇಗಮ್ಮ ನಿಮ್ಮದಾಗುತ್ತೆ? ನೋಡಿ, ಹೆಸರು ಯಾರದಿದೆ?"

ಅವರು ಚಾಚಿದ ಫೋನಿನಲ್ಲಿ, ಬರಹದ ಕೆಳಗೆ, ಸೊಸೆಯ ಹೆಸರಿತ್ತು. ಹೊಸ ವೆಬ್‌ಸೈಟ್ ಬೇಕೆಂದು ಹಟ ಹಿಡಿದವಳು ಸೊಸೆ. ಖಾತೆಯನ್ನೂ ಅವಳ ಹೆಸರಿನಲ್ಲೇ ತೆರೆದಿದ್ದರು. ಚೀಟಿಯಲ್ಲಿ ಕೊಟ್ಟ ಪಾಸ್‌ವರ್ಡ್ ಹಾಕಿ ಒಳಹೊಕ್ಕಿದ್ದ ದೂರಿನಕ್ಕ, ಯಂತ್ರದ ಪಾಲಿಗೆ ಬೆಳಗಿನಿಂದಲೂ ಸೊಸೆಯೇ ಆಗಿದ್ದಳು.

"ನನಗೂ ಹೊಟ್ಟೆ ಉರಿಯಲ್ವಾ?" ಎಂದರು ಯಜಮಾನರು. "ಒಂಬತ್ತು ವರ್ಷ ಕಷ್ಟಪಟ್ಟು ಬರೆದೆ. ಹೋಗ್ಲಿ, ಮನೆಯಲ್ಲೇ ಉಳೀತು." ಅವರು ನಿಜವಾಗಿಯೂ ನಂಬಿದ್ದರು.

"ಬರೆದದ್ದು ನಾನು," ದೂರಿನಕ್ಕ ಮತ್ತೆ ಹೇಳಿದಳು, ಈ ಸಲ ಗಟ್ಟಿಯಾಗಿ.

ಆದರೆ ವಯಸ್ಸಾದ ಗಿರಾಕಿ ಅವಳನ್ನು ಮೊಣಕೈಯಿಂದ ಸರಿಸಿ, ಮುಂದೆ ಹೋಗಿ ಸೊಸೆಯನ್ನು ತಬ್ಬಿಕೊಂಡಳು. "ನೀನೇನಮ್ಮಾ ತಾಯಿ? ಇಷ್ಟು ಚಿಕ್ಕ ವಯಸ್ಸಿಗೇ ಇಷ್ಟೆಲ್ಲ ಹೇಗೆ ತಿಳೀತು?" ಸಾಲು ಚಪ್ಪಾಳೆ ತಟ್ಟಿತು. ಒಂಬತ್ತು ವರ್ಷದ ಹಿಂದೆ ಸೊಸೆ ಶಾಲೆಯ ಜಡೆ ಹಾಕಿಕೊಂಡು ಓಡಾಡುತ್ತಿದ್ದಳೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಎಲ್ಲಕ್ಕೂ ಇಂದಿನದೇ ದಿನಾಂಕ!

ಸೊಸೆ ಮೊದಲು ಕೆಂಪಾದಳು, ಆಮೇಲೆ ನಕ್ಕಳು, ಆಮೇಲೆ ನಾಲ್ಕು ಜನರ ಜೊತೆ ಫೋಟೊ ತೆಗೆಸಿಕೊಂಡಳು. ಗದ್ದಲ ತಗ್ಗಿದಾಗ ಮೆಲ್ಲಗೆ ದೂರಿನ ಮೇಜಿಗೆ ಬಂದಳು.

"ಅಕ್ಕಾ, ಸೋಮವಾರದ್ದು ರೆಡಿ ಇದೆಯಾ?"

"ಬರೆಯೋರನ್ನ ಕೇಳ್ಬೇಕು ಮೇಡಂ."

ಸೊಸೆ ಅದನ್ನು ತಮಾಷೆ ಎಂದುಕೊಂಡು ಹೋದಳು.

ಸೋಮವಾರದ ಬರಹ ತಯಾರಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಲೆಯಲ್ಲಿತ್ತು. ಅದು ಈ ಅಂಗಡಿಯ ಬಾಗಿಲಿಗೆ ಬರುವುದಿಲ್ಲ. ವೆಬ್‌ಸೈಟಿಗೆ ಬರಹ ಏರಿಸುವುದನ್ನು ಇವತ್ತು ಕಲಿತಿದ್ದಾಳೆ; ತನ್ನದೇ ಖಾತೆಯೊಂದು ಬೇಕು, ಅಷ್ಟೇ. ಅಡುಗೆಮನೆಯ ಮೇಜಿನ ಮೇಲೆ, ತನ್ನ ಫೋನಿನಲ್ಲಿ, ಅಮ್ಮ ಇಟ್ಟ ಹೆಸರಿನಲ್ಲಿ ತೆರೆಯುವುದು.

"ಏನು ದೂರಿನಕ್ಕಾ, ಒಬ್ಬರೇ ನಗ್ತಿದೀರಿ?" ಎಂದ ಕ್ಯಾಷಿಯರ್, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದುಕೊಳ್ಳುತ್ತ.

"ಏನಿಲ್ಲ," ಎಂದು ಅವಳು ಮುಂದಿನ ಯಂತ್ರವನ್ನು ಮೇಜಿನ ಮೇಲೆ ಎಳೆದುಕೊಂಡಳು.