ಎದುರು ಶಾಪಿನ ಮೂರನೇ ಆಕ್ಸಲ್

ಲಾರಿ ಹೊಟ್ಟೆ ಕೆಳಗೆ ಮಲಗಿ ಅನ್ನ ಸಂಪಾದಿಸೋನ ಬದುಕಿನಲ್ಲಿ ನಗುವಂಥದ್ದು ಏನಿರುತ್ತೆ ಅಂತ ಕೇಳಬೇಡಿ. ಒಂದಿಲ್ಲೊಂದು ನಡೀತಾನೇ ಇರುತ್ತೆ. ಏನಂದ್ರೆ, ನಡೆದ ದಿನ ಊರೆಲ್ಲ ನಗುತ್ತೆ, ನನಗೆ ನಗು ಬರೋಕೆ ಮಾತ್ರ ಕೆಲವು ವರ್ಷ ಹಿಡಿಯುತ್ತೆ.

ಐವತ್ತರ ದಶಕದ ಕೊನೆ, ಅರವತ್ತರ ಶುರುವಿನ ಮಾತಿದು. ಯಶವಂತಪುರದಲ್ಲಿ ತುಮಕೂರು ರಸ್ತೆ ಪಕ್ಕ ನನ್ನದೊಂದು ಕಮಾನು ಪಟ್ಟಿ ಶಾಪಿತ್ತು. ಲಾರಿಯ ಆಕ್ಸಲ್, ಅಂದ್ರೆ ಚಕ್ರದ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನ ಹಾಗೆ ಕಟ್ಟಿರ್ತಾರಲ್ಲ, ಅದೇ ಕಮಾನು. ಜಾಲಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ಹೆಬ್ಬಾಳದ ಕಡೆಯಿಂದ ಕಲ್ಲು ಬರುತ್ತಿತ್ತು. ಲಾರಿಯವರು ಮಿತಿಮೀರಿ ಹೇರೋರು, ಕಮಾನು ಮುರಿಯೋದು, ನಮ್ಮ ಹೊಟ್ಟೆ ತುಂಬೋದು.

'ನಮ್ಮ' ಅಂದೆನಲ್ಲ, ಅಲ್ಲೇ ತೊಂದರೆ. ರಸ್ತೆಯ ಆ ಬದಿಗೆ ಇನ್ನೊಂದು ಶಾಪಿತ್ತು. ಅದರ ಯಜಮಾನರೂ ನಾನೂ ಒಬ್ಬರೇ ಮೇಸ್ತ್ರಿ ಹತ್ತಿರ ಸುತ್ತಿಗೆ ಹಿಡಿಯೋದು ಕಲಿತವರು. ನಾನು ಮುರಿದುಬಂದ ಕಮಾನು ಸರಿಮಾಡಿಕೊಂಡು ಸುಮ್ಮನಿದ್ದೆ. ಅವರು ಮಾತ್ರ ದಿನಬೆಳಗಾದರೆ ಏನಾದರೊಂದು ಹೊಸದು ಕಂಡುಹಿಡಿಯೋರು. ಅವರ ಶಾಪಿನಲ್ಲಿ ಸುತ್ತಿಗೆ ಸದ್ದು ಕೇಳಿದರೆ ಆ ಏಟು ನನ್ನ ತಲೆಗೇ ಬಿದ್ದಂತಾಗುತ್ತಿತ್ತು.

ಬಿದ್ದುಹೋದ ಉಂಗುರ

ಮೊದಲು ಅವರು ಮಾಡಿದ್ದು ರಬ್ಬರಿನ ಕೆಲಸ. ಕಮಾನಿಗೂ ಮೇಲಿನ ಚಾಸಿ ಚೌಕಟ್ಟಿಗೂ ನಡುವೆ ಅದೆಂಥದೋ ರಬ್ಬರ್ ದಿಂಬು ಕೂರಿಸಿಬಿಟ್ಟರು. ಗುಂಡಿಗೆ ಬಿದ್ದರೆ 'ಧಡ್' ಅನ್ನುತ್ತಿದ್ದ ಲಾರಿ 'ಪುಸ್' ಅನ್ನೋಕೆ ಶುರುಮಾಡಿತು. "ಸೋಫಾ ಮೇಲೆ ಕೂತಂಗಿದೆ ಗುರು" ಅಂತ ಡ್ರೈವರುಗಳು ಹೊಗಳಿದ್ದೇ ಹೊಗಳಿದ್ದು. ಜನ್ಮದಲ್ಲಿ ಸೋಫಾ ಕಂಡಿಲ್ಲದವರೂ ಹೊಗಳಿದರು.

ಒಂದು ಮಧ್ಯಾಹ್ನ ಆ ದಿಂಬು ಹಾಕಿದ ಲಾರಿಯೊಂದು ಟೀ ಹೋಟೆಲಿನ ಮುಂದೆ ನಿಂತಿತ್ತು. ಡ್ರೈವರು ಒಳಗೆ ಊಟಕ್ಕೆ ಕೂತಿದ್ದ. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಲಾರಿ ಕೆಳಗೆ ನುಸುಳಿದೆ. ರಬ್ಬರಿನ ಹತ್ತಿರ ಮೂಗು ಹೋಗಿತ್ತು, ಅಷ್ಟರಲ್ಲಿ ಇಂಜಿನ್ ಸ್ಟಾರ್ಟಾಯಿತು. ನೆಲಕ್ಕಂಟಿ ಹಾಗೇ ಮಲಗಿದೆ. ಚಕ್ರಗಳು ಎರಡೂ ಬದಿಯಲ್ಲಿ ಉರುಳಿ ಹೋದವು. ಲಾರಿ ಹೋಯಿತು, ನಾನು ಉಳಿದೆ, ಬಟ್ಟಬಯಲಲ್ಲಿ, ಆಕಾಶ ನೋಡುತ್ತಾ. ಆ ಆಕಾಶಕ್ಕೆ ಅಡ್ಡವಾಗಿ ಒಂದು ಮುಖ ಬಂತು. ಎದುರು ಶಾಪಿನವರು, ಕೈಯಲ್ಲಿ ಟೀ ಗ್ಲಾಸು.

"ಏನ್ ಸಮಾಚಾರ? ಇಲ್ಯಾಕ್ರೀ ಮಲಗಿದ್ದೀರಿ?"

"ಉಂಗುರ ಬಿದ್ದೋಯ್ತು, ಹುಡುಕ್ತಿದ್ದೆ" ಅಂದೆ.

"ಚಿನ್ನದ್ದಾ?"

ಮರ್ಯಾದೆ ಪ್ರಶ್ನೆ. "ಹೂಂ, ಚಿನ್ನದ್ದು."

ಪುಣ್ಯಾತ್ಮರು ಗ್ಲಾಸು ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ಮಂಡಿಯೂರಿ ಹುಡುಕೋಕೆ ಕೂತೇಬಿಟ್ಟರು. ಚಿನ್ನ ಅಂತ ಕಿವಿಗೆ ಬಿದ್ದಿದ್ದೇ ತಡ, ಹೋಟೆಲು ಖಾಲಿಯಾಗಿ ಎಲ್ಲರೂ ರಸ್ತೆ ಧೂಳು ಜಾಲಾಡೋಕೆ ಶುರುಮಾಡಿದರು. ಇಲ್ಲದ ಉಂಗುರಕ್ಕೆ ನಾನೂ ಸಂಜೆವರೆಗೆ ಅವರ ಜೊತೆ ಧೂಳು ಕೆದಕಬೇಕಾಯಿತು.

ನಾನು ಮನೆ ಮುಟ್ಟೋ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಉಂಗುರ ಸಿಕ್ತಾ?"

"ಇಲ್ಲ ಕಣೇ."

"ಮದುವೇಲಿ ನಮ್ಮಪ್ಪ ನಿಮಗೆ ಉಂಗುರ ಹಾಕ್ಲಿಲ್ಲ. ನೀವಂತೂ ಕೊಂಡ್ಕೊಳ್ಳೋರಲ್ಲ. ಹಾಗಾದ್ರೆ ಹಾಕಿದೋಳು ಯಾರು? ಅಷ್ಟು ಹೇಳಿ ಒಳಗೆ ಬನ್ನಿ."

ಬೋರ್ಡು

ರಬ್ಬರಿಗೆ ಹೆಸರು ಬಂದ ಮೇಲೆ ಅವರು ಶಾಪಿನ ಮೇಲೆ 'ಇಲ್ಲಿ ಹೊಸ ಮಾದರಿಯ ಕಮಾನು ಮಾಡಲಾಗುವುದು' ಅಂತ ಬೋರ್ಡು ಹಾಕಿಸಿದರು. ನಾನು ಸುಮ್ಮನಿರ್ತೀನಾ? ಅದರ ಎರಡರಷ್ಟು ದೊಡ್ಡ ಬೋರ್ಡು ಬರೆಸಿದೆ: 'ಎದುರು ಶಾಪಿಗಿಂತ ಉತ್ತಮ ಕೆಲಸ ಇಲ್ಲಿ ಮಾಡಲಾಗುವುದು.'

ಮಾರನೇ ದಿನವೇ ಒಬ್ಬ ಡ್ರೈವರು ಲಾರಿ ನಿಲ್ಲಿಸಿ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದ.

"ಅವರಿಗಿಂತ ಅಂತ ಬರೆದಿದ್ದೀರಿ ಅಂದ್ರೆ, ಅವರ ಕೆಲಸ ಚೆನ್ನಾಗೇ ಇರಬೇಕು. ಎಲ್ಲಿದೆ ಸಾರ್ ಆ ಶಾಪು?"

ನಾನೇ ಕೈ ಎತ್ತಿ ತೋರಿಸಬೇಕಾಯಿತು.

ಬಗ್ಗದ ಕಮಾನು

ನಾನೂ ಏನಾದರೂ ಕಂಡುಹಿಡೀಲೇಬೇಕು ಅಂತ ಹಟ ಬಂತು. ಅವರದ್ದು ಮೆತ್ತಗಿದ್ದರೆ ನನ್ನದು ಗಟ್ಟಿ. ಮಾಮೂಲು ಕಮಾನಿಗೆ ಇನ್ನಷ್ಟು ಪಟ್ಟಿ ಸೇರಿಸಿ, ಬಿಗಿದು, ಎಷ್ಟು ಹೇರಿದರೂ ಬಗ್ಗದಂಥ ಕಮಾನು ಕಟ್ಟಿದೆ. ಜಾಲಹಳ್ಳಿ ಆಚೆ ಸಿಂಗಾಪುರ ಅನ್ನೋ ನಮ್ಮದೇ ಹಳ್ಳಿಯಲ್ಲಿ ದ್ರಾಕ್ಷಿ ತೋಟ ಇಟ್ಟಿದ್ದ ಗೌಡರೊಬ್ಬರು ಹರಾಜಿನಲ್ಲಿ ಹಳೇ ಮಿಲಿಟರಿ ಲಾರಿ ಹಿಡಿದಿದ್ದರು. ಅದಕ್ಕೇ ಮೊದಲು ಹಾಕಿದೆ. ನೋಡೋಕೆ ಕೋಟೆ ಗೋಡೆ ಹಾಗಿತ್ತು.

ಮಾರನೇ ವಾರ ಗೌಡರು ಬಂದರು. ನಾನು ಎದುರು ಶಾಪಿಗೆ ಕೇಳಲಿ ಅಂತ ಜೋರಾಗಿ, "ಕಮಾನು ಬಗ್ತಾ ಗೌಡ್ರೇ?" ಅಂದೆ.

"ಒಂದೀಟೂ ಬಗ್ನಿಲ್ಲ ಕಣಪ್ಪ. ಮಡಕೆ ಲೋಡು ಆಕಿದ್ದೆ. ಗುಂಡಿಗೆ ಬಿದ್ದಾಗ ಕಮಾನು ಅಂಗೇ ಇತ್ತು. ಲಾರಿ ಎಗರ್ತು. ಮಡಕೆ ಒಂದೂ ಉಳೀನಿಲ್ಲ."

ನಾನು ಸ್ಪ್ಯಾನರ್ ಎತ್ತಿಕೊಂಡೆ. "ಬಿಚ್ಚಿಬಿಡ್ಲಾ?"

"ಏಯ್, ಮುಟ್ಬೇಡ!" ಗೌಡರು ಹತ್ತಿರ ಬಂದು ದನಿ ಇಳಿಸಿದರು, ಇಳಿದ ದನಿಯೂ ರಸ್ತೆ ದಾಟುವಂಥದ್ದು. "ವಾಪಸ್ ಬರ್ತಾ ನಮ್ಮತ್ತೇನ ಮುಂದೆ ಕೂರಿಸ್ಕೊಂಡು ಬಂದೆ. ದಾರಿಯುದ್ದಕ್ಕೂ ಲಾರಿ ಟಾಪಿಗೆ ತಲೆ ಒಡ್ಕೊಂತಾ ಬಂತು ಮುದುಕಿ. ಈ ಲಾರಿ ಇರೋಗಂಟ ನಮ್ಮನೆ ಕಡೆ ತಲೆ ಆಕಲ್ಲ ಅಂತ ಆಣೆ ಇಟ್ಟೈತೆ. ಪಟ್ಟಿ ಇಂಗೇ ಇರ್ಲಿ."

ಗೌಡರು ಹೋದ ಸ್ವಲ್ಪ ಹೊತ್ತಿಗೆ ಎದುರು ಶಾಪಿನವರು ರಸ್ತೆ ದಾಟಿ ಬಂದರು. ನನ್ನ ಶಾಪಿನ ಒಳಗೆ ಅವರು ಕಾಲಿಟ್ಟಿದ್ದು ಅದೇ ಮೊದಲು. ಮುಖದಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು, ನನಗೆ ಪರಮಾನಂದ. ಹಿಂದೆ ಮುಂದೆ ನೋಡಿ ಕಿವಿಯ ಹತ್ತಿರ ಬಂದು ಕೇಳಿದರು:

"ನಮ್ಮತ್ತೆ ಜಟಕಾದಲ್ಲಿ ಬರ್ತಾರೆ. ಜಟಕಾಗೆ ಕೂರುತ್ತೇನ್ರೀ ಇದು?"

ಓಡದ ಲಾರಿ

ಆಮೇಲೆ ಬಂತು ನೋಡಿ, ಮೂರನೇ ಆಕ್ಸಲ್. ಎದುರು ಶಾಪಿನವರು ಯಾವುದೋ ವಿದೇಶಿ ಪತ್ರಿಕೆಯ ಚಿತ್ರ ನೋಡಿದರಂತೆ. ಲಾರಿಯ ಹಿಂದಿನ ಚಕ್ರಗಳ ಹಿಂದೆ ಇನ್ನೊಂದು ಜೊತೆ ಚಕ್ರ. ಲೋಡಿದ್ದಾಗ ಹಿಡಿಕೆ ತಿರುಗಿಸಿ ಅದನ್ನು ಇಳಿಸೋದು, ಭಾರ ಹಂಚಿಹೋಗುತ್ತೆ. ಖಾಲಿ ಇದ್ದಾಗ ಎತ್ತಿಬಿಡೋದು, ಟೈರು ಸವೆಯಲ್ಲ. ಕೇಳಿದ ಕೂಡಲೇ ಇದು ಗೆಲ್ಲುತ್ತೆ ಅಂತ ಗೊತ್ತಾಯಿತು. ನನಗೆ ಊಟ ಸೇರದೇ ಹೋಯಿತು. ಹೆಂಡತಿ ಜ್ವರ ಅಂದುಕೊಂಡು ಕಷಾಯ ಕಾಸಿದಳು.

ಗೊರಗುಂಟೆಪಾಳ್ಯದ ಹತ್ತಿರ ಬಯಲಲ್ಲಿ ಪ್ರದರ್ಶನ. ಪೂಜೆ, ಹಾರ, ಬಾಳೆಕಂಬ. ಲಾರಿ ಪರೀಕ್ಷೆ ಮಾಡೋ ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರೇ ಬಂದರು. ತೆಂಗಿನಕಾಯಿ ಒಡೆಯೋಕೆ ಯಜಮಾನರು ನನ್ನನ್ನೇ ಕರೆದರು. ಹೊಟ್ಟೆ ಉರಿಯಲ್ಲಿ ಹಾಕಿದ ಏಟಿಗೆ ಕಾಯಿ ಪುಡಿಪುಡಿಯಾಯಿತು. "ಎಂಥಾ ಒಳ್ಳೇ ಶಕುನ!" ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು.

ಕಲ್ಲು ಹೇರಿ ಆಕ್ಸಲ್ ಇಳಿಸಿ ಓಡಿಸಿದರು, ತೇರಿನ ಹಾಗೆ ಹೋಯಿತು. ಕಲ್ಲು ಇಳಿಸಿ ಆಕ್ಸಲ್ ಎತ್ತಿದರು, ಎದ್ದಿತು. ನಾನು ನೆಲ ನೋಡುತ್ತಾ ನಿಂತೆ. ಆಗ ಸಾಹೇಬರು, "ಇನ್ನೊಂದ್ಸಲ ಇಳಿಸಿ ತೋರಿಸಿ" ಅಂದರು.

ಯಜಮಾನರು ಉಬ್ಬಿಹೋಗಿ ತಾವೇ ಹಿಡಿಕೆ ಹಿಡಿದರು. ತಿರುಗಿಸಿದರು, ತಿರುಗಿಸಿದರು, ಸಾಹೇಬರು ನೋಡುತ್ತಿದ್ದಾರೆ ಅಂತ ಇನ್ನಷ್ಟು ತಿರುಗಿಸಿದರು. ಲಾರಿ ಖಾಲಿ. ಮೂರನೇ ಆಕ್ಸಲ್ ನೆಲ ಒತ್ತಿ ಒತ್ತಿ ಲಾರಿಯ ಹಿಂಭಾಗವನ್ನೇ ಮೇಲಕ್ಕೆತ್ತಿತು. ಇಂಜಿನ್ ಬಲಕ್ಕೆ ತಿರುಗೋ ನಡುವಿನ ಚಕ್ರಗಳು ನೆಲ ಬಿಟ್ಟು ಬೆರಳಷ್ಟು ಮೇಲೆ ನಿಂತವು. ಯಾರೂ ಗಮನಿಸಲಿಲ್ಲ.

ಡ್ರೈವರು ಗೇರು ಹಾಕಿದ. ಇಂಜಿನ್ ಅಬ್ಬರಿಸಿತು. ಲಾರಿ ನಿಂತಲ್ಲೇ ನಿಂತಿತ್ತು.

"ಹೊರಡೋ!" ಯಜಮಾನರು ಕೂಗಿದರು.

"ಹೊರಟಾಯ್ತು ಸಾರ್! ಸ್ಪೀಡ್ ಮುಳ್ಳು ನಲವತ್ತರ ಮೇಲಿದೆ!" ಡ್ರೈವರು ಸ್ಟೇರಿಂಗ್ ಬಿಗಿಯಾಗಿ ಹಿಡಿದು ಎರಡು ಸಲ ಹಾರನ್ ಬೇರೆ ಹೊಡೆದ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದರೆ, ಬಾಳೆಕಂಬ ಇನ್ನೂ ಜೊತೆಯಲ್ಲೇ ಇತ್ತು.

ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಟೋಪಿಯಿಂದ ಮುಖ ಮುಚ್ಚಿಕೊಂಡು ಜೀಪು ಹತ್ತಿದರು. ನಾನು ಮನೆಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಕಷಾಯ ಹಿಡಿಸಿತು ಅಂತ ಹೆಂಡತಿ ಖುಷಿಪಟ್ಟಳು.

ಆ ಸುಖ ಬೆಳಗಿನವರೆಗೆ ಮಾತ್ರ. ಎದ್ದು ಶಾಪಿಗೆ ಬಂದರೆ ಎದುರುಗಡೆ ಜಾತ್ರೆ! ಸಿಂಗಾಪುರದ ಗೌಡರು, ಶೆಟ್ಟಿಹಳ್ಳಿಯವರು, ಯಲಹಂಕದವರು. ನಿಂತಲ್ಲೇ ತಿರುಗೋ ಚಕ್ರ ನೋಡಿ ಅವರಿಗೆಲ್ಲ ಒಂದೇ ಯೋಚನೆ ಬಂದಿತ್ತು. ಚಕ್ರಕ್ಕೆ ಬೆಲ್ಟ್ ಸುತ್ತಿದರೆ ಬಾವಿಯ ಪಂಪು ತಿರುಗಿಸಬಹುದು, ಕರೆಂಟು ಬರೋವರೆಗೆ ಕಾಯಬೇಕಾಗಿಲ್ಲ! ಎದುರು ಶಾಪಿನವರು ಗೆದ್ದಿದ್ದರೆ ಉರಿದುಕೊಂಡು ಸುಮ್ಮನಿರ್ತಿದ್ದೆ. ಸೋತೂ ಗೆದ್ದರಲ್ಲ, ಆ ಉರಿಗೆ ಯಾವ ಕಷಾಯವೂ ಇರಲಿಲ್ಲ.

ಅಷ್ಟೊಂದು ಕೆಲಸ ಒಬ್ಬರೇ ಮಾಡಿ ಮುಗಿಸಲಾರದೆ ಅವರೇ ನನ್ನ ಹತ್ತಿರ ಬಂದರು. "ಗೌಡರ ಲಾರಿ ನೀವು ಮಾಡ್ಕೊಡಿ. ನಾನು ಮಾಡಿದ ಹಾಗೇ ಮಾಡಿ, ಏನೂ ಬದಲಾಯಿಸಬೇಡಿ."

ಅವರ ನಕಲು ನಾನು ಮಾಡೋದೇ? ಮನಸ್ಸು ಒಪ್ಪಲಿಲ್ಲ. ಅವರ ಆಕ್ಸಲ್ ಎತ್ತಿಳಿಸೋ ಹಿಡಿಕೆಯ ಸ್ಕ್ರೂ ವಿಪರೀತ ಉದ್ದ, ಚಕ್ರ ನೆಲ ಬಿಟ್ಟಿದ್ದೇ ಅದರಿಂದ. ಅದನ್ನು ಗೇಣುದ್ದ ಕತ್ತರಿಸಿ, ನಯಮಾಡಿ, ಅವರಿಗಿಂತ ಚೊಕ್ಕವಾಗಿ ಕೂರಿಸಿ ಕಳಿಸಿದೆ.

ಮಾರನೇ ದಿನ ಗೌಡರ ಲಾರಿ ಶಾಪಿನ ಮುಂದೆ ಬಂದು ನಿಂತಿತು. ಬಾನೆಟ್ ಮೇಲೆ ದ್ರಾಕ್ಷಿ ಬಳ್ಳಿ, ಹಿಂದೆ ಹರಿದ ಬೆಲ್ಟು. ಗೌಡರು ಇಳಿದರು. ರಸ್ತೆಯ ಆ ಬದಿಯಲ್ಲಿ ಯಜಮಾನರು ಕೈಕಟ್ಟಿ ನಿಂತು ನೋಡುತ್ತಿದ್ದರು.

"ಏನಾಯ್ತು ಗೌಡ್ರೇ?"

"ಏನಾಯ್ತಾ? ನೆಂಟ್ರನ್ನೆಲ್ಲ ಕರೆದು ಬಾವಿ ಸುತ್ತ ನಿಲ್ಲಿಸಿ, ಬೆಲ್ಟ್ ಸುತ್ತಿ, ಪೂಜೆ ಮಾಡಿ ಗೇರು ಆಕ್ದೆ. ಪಂಪನ್ನೂ ಎಳ್ಕೊಂಡು ಸೀದಾ ದ್ರಾಕ್ಷಿ ಚಪ್ಪರಕ್ಕೆ ನುಗ್ತಲ್ಲಪ್ಪ! ನೀನು ಮಾಡಿರೋದು ಓಡ್ತದೆ!"

"ಓಡಬೇಕಲ್ವಾ ಗೌಡ್ರೇ, ಲಾರಿ ಅಲ್ವಾ?"

"ಓಡೋ ಲಾರಿ ನನ್ನತ್ರ ಮೊದ್ಲೇ ಇತ್ತು! ಓಡ್ದೇ ಇರಂಗೆ ಮಾಡ್ಕೊಡು ಅಂತ ನಿನ್ನತ್ರ ಬಿಟ್ಟಿದ್ದು. ಕೈಲಾಗಲ್ಲ ಅಂದ್ರೆ ಆಗಲ್ಲ ಅನ್ನು. ಎದುರುಗಡೆಯೋರು ಎಷ್ಟು ಚೆನ್ನಾಗಿ ಕೆಡಿಸ್ತಾರೆ, ಹೋಗಿ ನೋಡ್ಕೊಂಡು ಕಲಿ!"