ಸಹಕುಟುಂಬ ಸಪರಿವಾರ ಬಂದ ಮಿಕ್ಸಿ

ದಾವಣಗೆರೆಯ ಬಕ್ಕೇಶಪ್ಪನವರು ಹೊಸ ಯಂತ್ರ ಕಂಡುಹಿಡಿದರೆಂದರೆ ಬೀದಿಯ ನಾಯಿಗಳು ಹರಿಹರದವರೆಗೆ ಓಡಿ, ಅಲ್ಲಿಂದ ತಿರುಗಿ ನೋಡುತ್ತಿದ್ದವು. ಆ ಬೆಳಿಗ್ಗೆ ಓಡದೆ ಉಳಿದವರು ಅವರ ಹೆಂಡತಿ ಅನ್ನಪೂರ್ಣಮ್ಮ ಒಬ್ಬರೇ. ಅವರಿಗೆ ಬೇರೆ ದಾರಿ ಇರಲಿಲ್ಲ.

ಅನ್ನಪೂರ್ಣಮ್ಮನ ಅಕ್ಕ ಗೌರಮ್ಮ ಹಾಡಿದ ಸೋಬಾನೆ ಪದಗಳೆಲ್ಲ ಬೆಂಕಿಪೊಟ್ಟಣದಷ್ಟಿದ್ದ ಹಳೇ ಮ್ಯೂಸಿಕ್ ಪ್ಲೇಯರಿನಲ್ಲಿದ್ದವು. ಗೌರಮ್ಮ ಹಾಡಿದರೆ ಗೋಡೆ ಗಡಿಯಾರವೂ ನಿಂತು ಕೇಳಿ, ಆಮೇಲೆ ಓಡಿ ಸಮಯ ಸರಿಮಾಡಿಕೊಳ್ಳುತ್ತಿತ್ತು. ಈಗ ಗಂಟಲು ಹೋಗಿ ಅವರದು ಬರೀ ಕೈಸನ್ನೆ. ಸಂಜೆ ಹೊಸ ಸೊಸೆ ಸ್ಫೂರ್ತಿ ಹೊಸ್ತಿಲು ದಾಟುವಾಗ ಅಕ್ಕನ ದನಿ ಕೇಳಲೇಬೇಕೆಂದು ಅನ್ನಪೂರ್ಣಮ್ಮನ ಹಟ. ಪ್ಲೇಯರಿನ ಇಯರ್‌ಫೋನ್ ತೂತು ಕೆಟ್ಟಿತ್ತು. ಹಾಡುಗಳನ್ನು ಕಂಪ್ಯೂಟರಿಗೆ ಇಳಿಸದೆ ಗತಿಯಿರಲಿಲ್ಲ.

"ಇದು ತನ್ನ ಕಂಪನಿ ಸಾಫ್ಟ್‌ವೇರ್ ಬಿಟ್ಟು ಬೇರೆಯವರನ್ನ ಒಳಗೆ ಬಿಟ್ಕಳಲ್ಲ. ಆ ಕಂಪನೀನೇ ಮುಚ್ಚಿ ಹೋಗೈತಿ," ಎಂದರು ಬಕ್ಕೇಶಪ್ಪ. "ಅದಕ್ಕೇ ನಾನೇ ಒಂದು ಬರೆದೀನಿ. ಹೆಸರು ಬೀಗತನ. ಹೋಗಿ ಸಂಬಂಧ ಬೆಳೆಸ್ತತಿ."

"ಮಗನಿಗೆ ಹೆಣ್ಣು ನೋಡೋವಾಗ ಬಾಯಿ ಬಿಡಲಿಲ್ಲ. ಈಗ ಡಬ್ಬಿಗೆ ಸಂಬಂಧ ಹುಡುಕ್ತೀರಾ?"

"ಡಬ್ಬಿಗಳು ಮರ್ಯಾದಸ್ಥರು."

ಬೀಗತನದೊಳಗೆ, ಪ್ಲೇಯರು ಕಂಪ್ಯೂಟರನ್ನು ಕರೆಯಬೇಕಾದ ಸಾಲಿಗೆ ಅವರು ಮಗನ ಲಗ್ನಪತ್ರಿಕೆಯ ಒಕ್ಕಣೆಯನ್ನೇ ಇಳಿಸಿದ್ದರು: ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕು. ಗುಂಡಿ ಒತ್ತಿದರು. ಕಂಪ್ಯೂಟರು ಒಂಟಿಯಾಗಿ ಬರಲಿಲ್ಲ. ಅದೇ ಕರೆಂಟು ಉಂಡು ಬೆಳೆದ ಬಂಧುಬಳಗವನ್ನೆಲ್ಲ ಎಬ್ಬಿಸಿಕೊಂಡು ಬಂತು! ಫ್ರಿಜ್ಜು ಕೆಮ್ಮಿತು, ಫ್ಯಾನು ತಲೆದೂಗಿತು, ಗೀಸರು ಗುಡುಗಿತು, ಮಿಕ್ಸಿ ಕಟ್ಟೆಯ ಮೇಲೇ ಒಂದು ಸುತ್ತು ಹೊಡೆಯಿತು. ಬಂದ ನೆಂಟರು ಒಂದೊಂದು ಹಾಡು ಕಟ್ಟಿಸಿಕೊಂಡು, ಬದಲಿಗೆ ತಮ್ಮ ಕೈಲಾದ ಮುಯ್ಯಿ ಮಾಡಿ ಹೊರಟರು. ಪ್ಲೇಯರಿಗೆ ಫ್ರಿಜ್ಜಿನಿಂದ ತಂಪು ಬಂತು, ಮಿಕ್ಸಿಯಿಂದ ಗರಗರ ತಿರುಗುವ ವಿದ್ಯೆ ಬಂತು. ಹಾಡು ಒಂದೂ ಉಳಿಯಲಿಲ್ಲ.

"ರೀ, ಅಕ್ಕನ ಹಾಡು?"

ಬಚ್ಚಲಿನಿಂದ ಗೀಸರು ಗೌರಮ್ಮನ ದನಿಯಲ್ಲಿ ಅರಿಶಿನದ ಪದ ಎತ್ತಿತು. ಫ್ರಿಜ್ಜಿನ ಬಾಗಿಲು ತೆರೆದರೆ ಜೋಗುಳ. ಹಾಲು ಮೊಸರೆಲ್ಲ ನಿದ್ದೆ ಹೋದಂತಿದ್ದವು. ಮನೆ ತುಂಬಿಸುವ ಹಾಡು ಸಿಕ್ಕಿದ್ದು ಮಿಕ್ಸಿಯ ಹೊಟ್ಟೆಯಲ್ಲಿ.

"ವಾಪಸ್ ಇಸ್ಕಳ್ರಿ ಮತ್ತೆ."

"ಕೊಟ್ಟ ಉಡುಗೊರೆ ವಾಪಸ್ ಕೇಳಿದ್ರೆ ಸಂಬಂಧ ಮುರೀತತಿ. ನಾನೇ ಹಂಗೆ ಬರೆದೀನಿ."

"ನಿಮ್ಮನ್ನ ವಾಪಸ್ ತಗಳಾಕೆ ನಿಮ್ಮಪ್ಪನೂ ಇಲ್ಲ ಈಗ," ಎಂದು ಅನ್ನಪೂರ್ಣಮ್ಮ ಮಿಕ್ಸಿಯನ್ನು ಎತ್ತಿ ತಂದು ಹೊಸ್ತಿಲ ಪಕ್ಕ ಇಟ್ಟು, ಅದಕ್ಕೂ ಒಂದು ಕುಂಕುಮ ಹಚ್ಚಿದರು.

ಸಂಜೆ ಬೀದಿಗೆ ಬೀದಿಯೇ ನೆರೆಯಿತು. ಸ್ಫೂರ್ತಿ ಅಕ್ಕಿಯ ಸೇರಿನ ಮುಂದೆ ಬಲಗಾಲು ಎತ್ತಿದಳು. ಮಿಕ್ಸಿ ಒಂದನೇ ವೇಗದಲ್ಲಿ ಹಾಡತೊಡಗಿತು. ಗೌರಮ್ಮನ ಇಪ್ಪತ್ತು ವರ್ಷದ ಹಿಂದಿನ ದನಿ! ಗೌರಮ್ಮ ಸೆರಗು ಬಾಯಿಗೊತ್ತಿಕೊಂಡರು. ಅಷ್ಟಕ್ಕೆ ಸುಮ್ಮನಿದ್ದರೆ ಅವರು ಬಕ್ಕೇಶಪ್ಪ ಹೇಗಾದಾರು? ಹುರುಪಿನಲ್ಲಿ ಮೂರಕ್ಕೆ ತಿರುಗಿಸಿದರು. ಸೋಬಾನೆ ಕುದುರೆಯಂತೆ ಓಡಿತು, ಆರತಿ ಹಿಡಿದ ಹೆಂಗಸರ ಕೈಗಳೂ ಓಡಿದವು, ಅಷ್ಟರಲ್ಲಿ ಮಿಕ್ಸಿ ಕಾದು ಗಕ್ಕನೆ ನಿಂತಿತು.

ಸೊಸೆಯ ಕಾಲು ಗಾಳಿಯಲ್ಲೇ ಉಳಿಯಿತು. "ಅತ್ತೆ, ಇಳಿಸ್ಲಾ?"

"ಬ್ಯಾಡವ್ವಾ, ತಡಿ!"

ಬಕ್ಕೇಶಪ್ಪ ಕಂಪ್ಯೂಟರಿನತ್ತ ಓಡಿದರು. ಗೌರಮ್ಮ ಅವರ ಶಲ್ಯ ಹಿಡಿದೆಳೆದು, ಅಂಗೈ ಮಗುಚಿ ತೋರಿಸಿದರು. ಅನ್ನಪೂರ್ಣಮ್ಮನಿಗೆ ತಟ್ಟನೆ ಅರ್ಥವಾಯಿತು. ಮಿಕ್ಸಿಯನ್ನು ಮಗುಚಿ, ಅಡಿಯ ಕೆಂಪು ಗುಂಡಿ ಒತ್ತಿದರು. ನಿಂತಲ್ಲಿಂದಲೇ ಹಾಡು ಮುಂದುವರಿಯಿತು. ಸೊಸೆಯ ಕಾಲು ತಾಗಿ ಸೇರು ಉರುಳಿ ಅಕ್ಕಿ ನಡುಮನೆಯವರೆಗೆ ಚೆಲ್ಲಿತು.

ಮರುದಿನ ಬೆಳಿಗ್ಗೆ ಮಿಕ್ಸಿ ಏನು ಮಾಡಿದರೂ ಹಾಡಿತೇ ಹೊರತು ಕಾಯಿ ರುಬ್ಬಲಿಲ್ಲ. ಬೇಸತ್ತ ಅನ್ನಪೂರ್ಣಮ್ಮ ಪ್ಲೇಯರನ್ನೇ ತೊಳೆದು, ಕಾಯಿ, ಹಸಿಮೆಣಸಿನಕಾಯಿ ಹಾಕಿದ ಪಾತ್ರೆಗೆ ಬಿಟ್ಟರು. ಅದು ಗರಗರ ತಿರುಗಿ ಬೆಣ್ಣೆಯಂಥ ಚಟ್ನಿ ರುಬ್ಬಿತು, ತಂಪಾಗಿ ಬೇರೆ.

"ನೋಡಿದ್ಯಾ?" ಎಂದರು ಬಕ್ಕೇಶಪ್ಪ, ಎದೆ ಬೆಣ್ಣೆದೋಸೆಯಂತೆ ಉಬ್ಬಿಸಿ.

ಗೌರಮ್ಮ ನೆಕ್ಕಿ ನೋಡಿ, ಎರಡು ಬೆರಳು ಉಜ್ಜಿ ತೋರಿಸಿದರು. ಉಪ್ಪು ಕಮ್ಮಿ.