ಕುರ್ಚಿಯಿಂದ ಏಳುವ ವಿದ್ಯೆ

ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಿದವನಿಗೆ ಕುರ್ಚಿಯಿಂದ ಏಳುವುದನ್ನು ಕಲಿಸಲು ಹೊರಟರೆ ಹೇಗಾಗಬೇಡ, ನೀವೇ ಹೇಳಿ.

ನನಗೆ ಪ್ರಾಸ್ಟೇಟ್ ಕ್ಯಾನ್ಸರ್. ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್. ಅದು ರೋಗವನ್ನು ಹದ್ದುಬಸ್ತಿನಲ್ಲಿಡುತ್ತದೆ, ಜೊತೆಗೆ ಮಾಂಸಖಂಡವನ್ನೂ ಕರಗಿಸುತ್ತದೆ, ಮೂಳೆಯನ್ನೂ ಸವೆಸುತ್ತದೆ. ಬಿದ್ದರೆ ಸೊಂಟ ಮುರಿದಂತೆಯೇ ಎಂದು ಹೆದರಿಸಿದ ಫಿಸಿಯೊಥೆರಪಿಯವಳು ಒಂದು ಚೀಟಿ ಕೊಟ್ಟಳು: ದಿನಾ ಹತ್ತು ಸಲ ಕುರ್ಚಿಯಿಂದ ಏಳಬೇಕು, ಗೋಡೆ ತಳ್ಳಬೇಕು, ರಬ್ಬರ್ ಪಟ್ಟಿ ಎಳೆಯಬೇಕು. ಚೀಟಿಯಲ್ಲಿ ನಾಲ್ಕು ಅಕ್ಷರದೋಷಗಳಿದ್ದವು. ಅಂಥದ್ದನ್ನು ನಂಬುವುದು ಹೇಗೆ?

ಚೀಟಿ ನನ್ನ ಹೆಂಡತಿಯ ಕೈಸೇರಿತು. ಅಂದಿನಿಂದ ಮನೆಯಲ್ಲಿ ಸೇನಾಡಳಿತ. ಕುರ್ಚಿಯ ಎದುರು ನಿಂತು ಅವಳು ಎಣಿಸುತ್ತಾಳೆ. ಆರರ ತನಕ ಪರವಾಗಿಲ್ಲ, ಆಮೇಲೆ ‘ಏಳು’ ಎನ್ನುತ್ತಾಳೆ. ಕಟ್ಟಿಕೊಂಡ ಗಂಡನಿಗೆ ಏಕವಚನ! ಅದು ಸಂಖ್ಯೆಯೋ ಅಪ್ಪಣೆಯೋ ಎಂದು ನಾನು ವ್ಯಾಕರಣ ಎತ್ತಿದರೆ, ಮತ್ತೆ ಒಂದರಿಂದ ಶುರು.

ಕೊನೆಗೊಂದು ಉಪಾಯ ಹೊಳೆಯಿತು. ನನಗೆ ಸರಿಯಾಗಿ ತಿಳಿಯುತ್ತಿಲ್ಲ, ನೀನೇ ಒಮ್ಮೆ ಮಾಡಿ ತೋರಿಸು ಎಂದೆ. ತೋರಿಸಿದಳು. ಇನ್ನೊಮ್ಮೆ ಎಂದೆ. ಹೀಗೆ ಎರಡು ತಿಂಗಳು ಅವಳು ಎದ್ದು ಕೂತು ಗೋಡೆ ತಳ್ಳಿದಳು. ನಾನು ಪೇಪರ್ ಮರೆಯಿಂದ ವಿದ್ಯಾಭ್ಯಾಸ ಮಾಡಿದೆ.

ಒಂದು ಮಧ್ಯಾಹ್ನ ಬಚ್ಚಲಿನ ಗಿಡ್ಡ ಸ್ಟೂಲಿನ ಮೇಲೆ ಕೂತವನಿಗೆ ಏಳಲಾಗಲಿಲ್ಲ. ತೊಡೆ ನನ್ನ ಮಾತೇ ಕೇಳಲಿಲ್ಲ. ಇಪ್ಪತ್ತು ನಿಮಿಷ ಮರ್ಯಾದೆ ಕಾಪಾಡಿಕೊಂಡು, ಆಮೇಲೆ ಅವಳನ್ನು ಕೂಗಿದೆ. ಬಂದವಳು ಕಂಕುಳಿಗೆ ಕೈಕೊಟ್ಟು ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿದಳು. ಹತ್ತು ವರ್ಷದಿಂದ ಮಂಡಿನೋವು ಎನ್ನುತ್ತಿದ್ದ ಹೆಂಗಸು! ನಾನು ನಗಬೇಕೆಂದಿದ್ದೆ. ಅವಳು ಕಂಕುಳಿನ ಹಿಡಿತ ಬಿಡಲೇ ಇಲ್ಲ.

“ನನ್ನ ಕೈಲಾಗೋ ತನಕ ಎತ್ತೀನಿ. ಆಮೇಲೆ ಯಾರನ್ನ ಕೂಗ್ತೀರಾ?” ಎಂದಳು.

ಅವತ್ತೇ ಸಂಜೆ, ಯಾರೂ ಹೇಳದೆ, ಕುರ್ಚಿಯಿಂದ ಎದ್ದೆ. ಮೂರು ಸಲ. ನಾಲ್ಕನೆಯದಕ್ಕೆ ಕುರ್ಚಿಯೂ ನನ್ನ ಜೊತೆ ಎದ್ದು ಬಂತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವಳ ಮಂಡಿನೋವು ಮಾಯವಾದ ಸುದ್ದಿ ನಮ್ಮ ಅಪಾರ್ಟ್‌ಮೆಂಟಿನ ಮಹಡಿ ಮಹಡಿಗೂ ಹಬ್ಬಿ, ಈಗ ದಿನಾ ಬೆಳಗ್ಗೆ ಆರು ಜನ ಹೆಂಗಸರು ತಮ್ಮ ತಮ್ಮ ಕುರ್ಚಿ ಹೊತ್ತು ನಮ್ಮ ಹಾಲಿಗೆ ಬರುತ್ತಾರೆ. ಇವಳು ಗುರು. ನಾನು ಹಿಂದಿನ ಸಾಲು, ದಡ್ಡರ ಪೈಕಿ.

ಮೊನ್ನೆ ಎಂಟನೆಯ ಸಲ ಏಳುವಾಗ ಇಂಜೆಕ್ಷನ್ನಿನ ಇನ್ನೊಂದು ಪ್ರಸಾದ ಬಂತು. ಎದೆಯಿಂದ ಮುಖಕ್ಕೆ ಬೆಂಕಿ ಏರಿದಂತಾಗಿ ಬೆವರು ಧಾರಾಕಾರ. ಯಾರಿಗೂ ಕಾಣದಂತೆ ಮುಖ ಒರೆಸಿಕೊಳ್ಳುತ್ತಿದ್ದೆ. ಮೂರನೇ ಮಹಡಿಯ ಟೈಲರಮ್ಮ ತಿರುಗಿ ನೋಡಿದರು. ಏನೂ ಕೇಳದೆ, ಕಿಟಕಿ ಪಕ್ಕದಿಂದ ತಮ್ಮ ಕುರ್ಚಿ ಸರಿಸಿ ಜಾಗ ಬಿಟ್ಟುಕೊಟ್ಟರು.

“ಇಲ್ಲಿ ಬನ್ನಿ ಅಣ್ಣ, ಗಾಳಿ ಬರತ್ತೆ. ನಮಗೂ ಮುಟ್ಟು ನಿಂತಾಗ ಹೀಗೇ ಆಗ್ತಿತ್ತು.”

ಆರು ತಲೆಗಳೂ ಕನಿಕರದಿಂದ ಅಲ್ಲಾಡಿದವು. ನನ್ನ ಹೆಂಡತಿ ಗೋಡೆ ಕಡೆ ತಿರುಗಿ, ಭುಜ ಕುಣಿಸುತ್ತ, ಅದನ್ನು ತಳ್ಳುತ್ತಲೇ ಇದ್ದಳು.